ಆ್ಯಪ್, ಭಜನೆ, ಬ್ರಾಹ್ಮಿ, ಕಿವಿಯ ಯಂತ್ರ: ಮನೆಯ ಹಿರಿಯರ ಮಿದುಳಿಗೆ ಯಾವುದು ಮೊದಲು?

ಕಳೆದ ವರ್ಷ ಮೇ ತಿಂಗಳಲ್ಲಿ ಪುಣೆಯಿಂದ ಬಂದ ಮೈದುನ ತನ್ನ ತಾಯಿಯ ಮೊಬೈಲಿಗೆ ಮಿದುಳಿಗೆ ಕಸರತ್ತು ಕೊಡುವ ಆ್ಯಪ್ ಒಂದನ್ನು ಹಾಕಿ, ಒಂದು ವರ್ಷದ ಚಂದಾವನ್ನೂ ಕಟ್ಟಿ ಹೋದ. ಪರದೆಯ ಮೇಲೆ ಬಣ್ಣಬಣ್ಣದ ಮೀನುಗಳು ಓಡುತ್ತವೆ. ಒಮ್ಮೆ ನೋಡಿದ ಮೀನು ಮತ್ತೆ ಬಂದರೆ ಬೆರಳಿನಿಂದ ಮುಟ್ಟಬೇಕು. ಅತ್ತೆಗೆ ಆಗ 78. ಮೂಲ್ಕಿಯ ಕಡೆ ಹುಟ್ಟಿ ಬೆಳೆದು, ಐವತ್ತು ವರ್ಷ ಮುಂಬಯಿಯಲ್ಲಿ ಮೀನಿನ ಕಿವಿರು ಎತ್ತಿ ನೋಡಿಯೇ ಕೊಂಡವರು. ಎರಡೇ ವಾರದಲ್ಲಿ ಮೇಲಿನ ಹಂತಕ್ಕೆ ಏರಿದರು. ಆದರೆ ಅಡುಗೆಮನೆಯಲ್ಲಿ, "ಪುಣೆಯ ಮಗುವಿನ ಪರೀಕ್ಷೆ ಮುಗಿಯಿತಾ?" ಎಂದು ಒಂದೇ ಬೆಳಗಿನಲ್ಲಿ ಮೂರು ಸಲ ಕೇಳುತ್ತಿದ್ದರು. ನಾನು ಒಲೆಯ ಕಡೆ ಮುಖ ಮಾಡಿಕೊಂಡೇ ಮೂರು ಸಲವೂ ಉತ್ತರ ಹೇಳುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಒಂದೇ ಭಯ. ಅದರ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಆಮೇಲೆ ಸಲಹೆಗಳ ಮಳೆ. ಎದುರು ಮನೆಯ ಕಾಕು ಬ್ರಾಹ್ಮಿಯ ತುಪ್ಪ ಎಂದರು. ನನ್ನವರು ಬೆಳಗಿನ ನಡಿಗೆ ಎಂದರು. ನನ್ನ ಅಕ್ಕ ಭಜನಾ ಮಂಡಳಿ ಎಂದಳು. ಬ್ಯಾಂಕಿನಲ್ಲಿ ನನ್ನ ಜತೆಗಿದ್ದವರೊಬ್ಬರು ನೇರವಾಗಿ ನರರೋಗ ತಜ್ಞರಲ್ಲಿಗೆ ಹೋಗಿ ಎಂದರು. ನಾನು ವೈದ್ಯೆಯಲ್ಲ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಲೆಕ್ಕ ತಾಳೆ ನೋಡಿದವಳು. ಹಾಗಾಗಿ ಇವುಗಳಲ್ಲಿ ಯಾವುದಕ್ಕೆ ಎಷ್ಟು ಹಾಕಿದರೆ ಎಷ್ಟು ಹುಟ್ಟುತ್ತದೆ ಎಂದು ಒಂದೊಂದನ್ನೇ ಹಿಡಿದು ನೋಡಿದೆ. ಮುಂಬಯಿಯಲ್ಲಿ ವಯಸ್ಸಾದ ತಂದೆ ತಾಯಿಯನ್ನೋ ಅತ್ತೆ ಮಾವನನ್ನೋ ನೋಡಿಕೊಳ್ಳುತ್ತಿರುವವರಿಗೆ, ಅಥವಾ ನನ್ನಂತೆ ಅರವತ್ತರ ಬಾಗಿಲಲ್ಲಿ ನಿಂತವರಿಗೆ, ಇದರಿಂದ ಸ್ವಲ್ಪ ಓಡಾಟ ಉಳಿದೀತು.

ಮದ್ದು ಆರಿಸುವ ಮೊದಲು ಮರೆವು ಯಾವುದು ಎಂದು ನೋಡಿ

ದಾದರಿನಲ್ಲಿ ಸ್ಲೋ ಗಾಡಿಯ ಬದಲು ಫಾಸ್ಟ್ ಗಾಡಿ ಹತ್ತಿ ಭಾಂಡೂಪ್ ದಾಟಿ ಹೋಗುವುದು ಮರೆವಲ್ಲ, ಮುಂಬಯಿ. ಸಾರಿಗೆ ಉಪ್ಪು ಹಾಕಲು ಮರೆಯುವುದು ವಯಸ್ಸು. ನಲವತ್ತು ವರ್ಷ ಮಾಡಿದ ಸಾರಿಗೆ ಬೇಳೆ ಮೊದಲೋ ಒಗ್ಗರಣೆ ಮೊದಲೋ ಎಂದು ಗೊಂದಲವಾದರೆ, ನಿತ್ಯ ಇಳಿಯುವ ನಿಲ್ದಾಣದಲ್ಲಿ ಮನೆ ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ನಿಂತುಬಿಟ್ಟರೆ, ಆಗ ವೈದ್ಯರನ್ನು ಕಾಣಬೇಕು.

ಇದರ ನಡುವೆ ಇನ್ನೊಂದಿದೆ, ಬಹಳ ಮನೆಗಳು ಅದನ್ನು ಗುರುತಿಸುವುದಿಲ್ಲ: ಖಿನ್ನತೆ. ಗಂಡ ತೀರಿಕೊಂಡ ಮೇಲೆ, ಊರಿನ ಮನೆ ಮಾರಿದ ಮೇಲೆ ಹಿರಿಯರು ಮಂಕಾಗಿ, ಮಾತು ಮರೆತು, ಊಟ ಬಿಟ್ಟು ಕೂರುತ್ತಾರೆ. ಹೊರಗಿನಿಂದ ನೋಡಿದರೆ ಅದೂ ಮರೆಗುಳಿತನದ ಹಾಗೆಯೇ. ಆದರೆ ಖಿನ್ನತೆ ಸಾಮಾನ್ಯವಾಗಿ ವಾರ, ತಿಂಗಳ ಲೆಕ್ಕದಲ್ಲಿ ಕವಿಯುತ್ತದೆ. ಅವರೇ "ನನಗೆ ಏನೂ ನೆನಪಿರುವುದಿಲ್ಲ" ಎಂದು ಗೋಳಿಡುತ್ತಾರೆ. ಡಿಮೆನ್ಶಿಯಾ, ಅಂದರೆ ಮರೆಗುಳಿತನದ ಕಾಯಿಲೆ, ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ಅದು ಬಂದವರು ಹೆಚ್ಚಾಗಿ ಮರೆವನ್ನು ಮುಚ್ಚುತ್ತಾರೆ, ಏನಾದರೊಂದು ಹೇಳಿ ಜಾರಿಕೊಳ್ಳುತ್ತಾರೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಎರಡು ದಿನದೊಳಗೆ ಇದ್ದಕ್ಕಿದ್ದಂತೆ ತಾರುಮಾರಾಗಿ ಮಾತಾಡಲು ತೊಡಗಿದರೆ ಇವೆರಡನ್ನೂ ಯೋಚಿಸಬೇಡಿ. ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದಿರುವುದೋ, ಪಾರ್ಶ್ವವಾಯುವೋ ಇರಬಹುದು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಅಂದರೆ ಸುಮಾರು 88 ಲಕ್ಷ ಜನ. ಸಣ್ಣ ಸಂಖ್ಯೆಯಲ್ಲ. ಆದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಹಿರಿಯರ ಮರೆವು ಬೇರೆ ಕಾರಣದ್ದು ಅಥವಾ ಕಾರಣವೇ ಬೇಡದ್ದು ಎಂಬುದನ್ನೂ ಅದೇ ಸಂಖ್ಯೆ ಹೇಳುತ್ತದೆ.

ಯಾವ ಬಾಗಿಲು ತಟ್ಟುವುದು? ಮೊದಲು ಮನೆಯ ವೈದ್ಯರು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಲದೊಂದಿಗೆ. ನಿದ್ದೆಯ ಮಾತ್ರೆ, ಕೆಲವು ಹಳೆಯ ಅಲರ್ಜಿ ಮಾತ್ರೆಗಳು ಹಿರಿಯರ ತಲೆಯನ್ನು ಮಂಜು ಮಾಡುತ್ತವೆ. ಜತೆಗೆ ಸಕ್ಕರೆ, ಥೈರಾಯ್ಡ್, ಸೋಡಿಯಂ, ಬಿ12 ನೋಡುವ ರಕ್ತ ಪರೀಕ್ಷೆ. ಮೀನು ತಿನ್ನುವ ನಮ್ಮ ಮನೆಯಲ್ಲಿ ಬಿ12 ಕಡಿಮೆಯಾಗದು ಎಂದು ನಾನು ನಂಬಿದ್ದೆ. ಅತ್ತೆಗೆ ಕಡಿಮೆಯೇ ಇತ್ತು. ಹತ್ತು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆ. ಎರಡೂ ಬಿ12 ಮೈಗೆ ಹತ್ತದಂತೆ ಮಾಡುತ್ತವೆಯಂತೆ. ಮಾತ್ರೆ ಬಿಡಬೇಕಾಗಲಿಲ್ಲ, ಬಿ12 ಸೇರಿಸಿದರು, ಅಷ್ಟೇ.

ಅದರ ಮೇಲೂ ಸಂಶಯ ಉಳಿದರೆ, ನಡಿಗೆ ತಪ್ಪುವುದು, ಬೀಳುವುದು, ಕೈ ನಡುಗುವುದು ಇದ್ದವರಿಗೆ ನರರೋಗ ತಜ್ಞರು. ನಿದ್ದೆ, ದುಃಖ, ಸಂಶಯಬುದ್ಧಿ ಮುಂದಿದ್ದವರಿಗೆ ಮನೋವೈದ್ಯರು. ಮನೋವೈದ್ಯರೆಂದರೆ ಮನೆಯವರು ಹಿಂಜರಿಯುತ್ತಾರೆ. ನೆನಪಿನ ತೊಂದರೆಯನ್ನು ಅವರೂ ನೋಡುತ್ತಾರೆ ಎಂಬುದು ಅನೇಕರಿಗೆ ತಿಳಿಯದು. ಪಾಲಿಕೆಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಎರಡೂ ವಿಭಾಗಗಳಿವೆ. ಕೇಸ್ ಪೇಪರಿಗೆ ಕೆಲವೇ ರೂಪಾಯಿ, ಆದರೆ ಅರ್ಧ ದಿನ ಬೆಂಚಿನ ಮೇಲೆ ಹೋಗುತ್ತದೆ. ಖಾಸಗಿಯಲ್ಲಿ ಕಾಯುವುದು ಕಡಿಮೆ, ಸ್ಕ್ಯಾನ್ ಬೇಗ ಬರೆಯುತ್ತಾರೆ. ಮಾತಾಡಿದರೆ ಸಾಕು ಎನ್ನಿಸಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಭಾಷೆ ಆರಿಸಿಕೊಳ್ಳಬಹುದು. ಹಿರಿಯರ ಇತರ ತಾಪತ್ರಯಗಳಿಗೆ 14567 ಇದೆ.

ಒಂದು ಎಚ್ಚರಿಕೆ. ನೆನಪಿನ ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಮೊದಲೇ ಕೇಳಿ. ನಾವು ಹೋದ ದವಾಖಾನೆಯಲ್ಲಿ ಹುಡುಗಿಯೊಬ್ಬಳು ಹಿಂದಿಯಲ್ಲಿ, ಇದು ಯಾವ ತಿಂಗಳು ಎಂದು ಕೇಳಿದಳು. ಹೊರಗೆ ಜುಲೈ ಕೊನೆಯ ಮಳೆ. ಅತ್ತೆ ಕಿಟಕಿಯ ಕಡೆ ಒಮ್ಮೆ ನೋಡಿ, ಸಂಶಯವೇ ಇಲ್ಲದೆ, "ಆಟಿ" ಎಂದರು. ಹುಡುಗಿ ಸೊನ್ನೆ ಹಾಕಿದಳು. ತುಳುವರ ತಿಂಗಳ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಸರಿ ಉತ್ತರ ಎಂದು ನಾನು ಹೇಳಿದ ಮೇಲೆ, ಪಾಪ, ನಗುತ್ತ ತಿದ್ದಿದಳು. ಜತೆಗೆ ಯಾರೂ ಹೋಗದಿದ್ದರೆ?

ಕಿವಿ

ಆ ದವಾಖಾನೆಯ ವೈದ್ಯರು ನನ್ನನ್ನು ಅತ್ತೆಯ ಬೆನ್ನ ಹಿಂದೆ ನಿಲ್ಲಿಸಿ ಸಾಮಾನ್ಯ ದನಿಯಲ್ಲಿ ಏನಾದರೂ ಕೇಳಲು ಹೇಳಿದರು. ಚಹಾ ಬೇಕೇ ಎಂದು ಕೇಳಿದೆ. ಅತ್ತೆ ತಿರುಗಲಿಲ್ಲ. ಮುಂದೆ ಬಂದು ಅದನ್ನೇ ಕೇಳಿದಾಗ, "ಇಲ್ಲಿ ಯಾರು ಕೊಡುತ್ತಾರೆ?" ಎಂದರು. ಎರಡು ತಿಂಗಳಿಂದ ನಾನು ಒಲೆಗೆ ಮುಖ ಮಾಡಿ ಹೇಳಿದ ಉತ್ತರಗಳನ್ನು ಅವರು ಮರೆತಿರಲಿಲ್ಲ. ಅವು ಅವರ ಕಿವಿಗೆ ಬಿದ್ದೇ ಇರಲಿಲ್ಲ.

ಹಾಗಾಗಿ ಹೋಲಿಕೆಯಲ್ಲಿ ನಾನು ಕಿವಿಯನ್ನು ಮೊದಲಿಡುತ್ತೇನೆ. ನನ್ನ ಮನೆಯ ಕಥೆಯೊಂದೇ ಇದಕ್ಕೆ ಕಾರಣವಲ್ಲ. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ, ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಇವನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಆ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಎರಡಕ್ಕೆ: ಕಿವುಡುತನ ಮತ್ತು ಕೆಟ್ಟ ಕೊಲೆಸ್ಟೆರಾಲ್, ತಲಾ ಶೇ. 7. ರಕ್ತದೊತ್ತಡ, ಸಕ್ಕರೆ, ಧೂಮಪಾನ, ಒಂಟಿತನ, ಕಣ್ಣಿನ ಮಂಜು ಎಲ್ಲವೂ ಅಲ್ಲಿವೆ. ಮೀನಿನ ಆಟ ಆಡದಿರುವುದು ಇಲ್ಲ.

ಆದರೆ ಯಂತ್ರ ಹಾಕಿದ ಕೂಡಲೇ ನೆನಪು ಮರಳುತ್ತದೆ ಎಂದು ಮಾರುವವರನ್ನೂ ನಂಬಬೇಡಿ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟು ಗುಂಪಿನಲ್ಲಿ ಯಂತ್ರದಿಂದ ವ್ಯತ್ಯಾಸವೇ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ. 48ರಷ್ಟು ತಗ್ಗಿತ್ತು. ಅಂದರೆ ವಯಸ್ಸಾದ, ಸಕ್ಕರೆ ಮತ್ತು ರಕ್ತದೊತ್ತಡ ಇರುವ ನಮ್ಮ ಹಿರಿಯರಂಥವರಿಗೆ ಪ್ರಯತ್ನಿಸಬೇಕಾದದ್ದೇ.

ಪರೀಕ್ಷೆಗೆ ಮುಂಬಯಿಯವರು ಪುಣ್ಯವಂತರು. ಬಾಂದ್ರಾ ರೆಕ್ಲಮೇಶನ್‌ನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆಯೇ ಇದೆ. 1983ರಿಂದ ವಾಕ್ ಮತ್ತು ಶ್ರವಣದ ಕೆಲಸವನ್ನೇ ಮಾಡುತ್ತಿದೆ. ಅಂಗಡಿಯ ಉಚಿತ ತಪಾಸಣೆಗಿಂತ ಅಲ್ಲಿ ಮೊದಲು ನೋಡಿಸಿ, ಆಮೇಲೆ ಬೇಕಾದರೆ ಅಂಗಡಿಗೆ ಹೋಗಿ. ಯಂತ್ರದಲ್ಲಿ ಎರಡು ಬಗೆ: ಕಿವಿಯ ಹಿಂದೆ ಕೂರುವುದು, ಕಿವಿಯೊಳಗೆ ಅಡಗುವುದು. ಅಡಗುವುದು ಚೆಂದ, ದುಬಾರಿ, ಬೇಗ ಕಳೆದುಹೋಗುತ್ತದೆ. ಸಂಧಿವಾತದ ಬೆರಳುಗಳಿಗೆ ಅದರ ಬ್ಯಾಟರಿ ಎಳ್ಳಿನ ಕಾಳಿನಂತೆ ಜಾರುತ್ತದೆ. ಹಿಂದೆ ಕೂರುವುದನ್ನು, ಚಾರ್ಜ್ ಮಾಡುವಂಥದ್ದನ್ನು ಕೊಳ್ಳಿ. ಮೊದಲ ಎರಡು ವಾರ ಶಾಂತ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಸಾಕು. ಮೊದಲ ದಿನವೇ ಹಾಕಿಕೊಂಡು ದಾದರ್ ಮಾರುಕಟ್ಟೆಗೆ ಹೋದರೆ ಆ ಯಂತ್ರ ಮತ್ತೆ ಡಬ್ಬದಿಂದ ಹೊರಗೆ ಬರುವುದಿಲ್ಲ. ಅತ್ತೆಯದು ಮೂರು ವಾರ ಎಲೆಯಡಿಕೆಯ ತಟ್ಟೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲೇ ಇತ್ತು.

ಆ್ಯಪೋ, ಪದಬಂಧವೋ

ಆ್ಯಪ್ ಕಂಪನಿಗಳ ಜಾಹೀರಾತಿಗೂ ಪ್ರಯೋಗಶಾಲೆಯ ಮಾತಿಗೂ ನಡುವೆ ಅರಬ್ಬಿ ಸಮುದ್ರವಿದೆ. ಇಂಥ ಆಟಗಳಲ್ಲಿ ಹೆಸರುವಾಸಿಯಾದ ಲುಮೋಸಿಟಿ, ಮರೆವು ತಡೆಯುತ್ತೇವೆ ಎಂಬರ್ಥದ ಆಧಾರವಿಲ್ಲದ ಪ್ರಚಾರ ಮಾಡಿದ್ದಕ್ಕೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಹಾಗೆಂದು ಮಿದುಳಿನ ತರಬೇತಿ ಪೂರ್ತಿ ಬುರುಡೆಯೂ ಅಲ್ಲ. 2,832 ಹಿರಿಯರ ಮೇಲೆ ನಡೆದ 'ಆ್ಯಕ್ಟಿವ್' ಪ್ರಯೋಗದಲ್ಲಿ ಐದಾರು ವಾರಗಳಲ್ಲಿ ಹತ್ತು ಪಾಠ ಕೊಟ್ಟರು. ಹತ್ತು ವರ್ಷದ ಬಳಿಕವೂ ತರ್ಕ ಮತ್ತು ವೇಗದ ತರಬೇತಿಯ ಲಾಭ ಉಳಿದಿತ್ತು. ನೆನಪಿನ ತರಬೇತಿಯದು ಉಳಿಯಲಿಲ್ಲ. ಯಾವುದರಲ್ಲಿ ಪಳಗಿದರೋ ಅದರಲ್ಲೇ ಚುರುಕು. ಮೀನು ಗುರುತಿಸಲು ಕಲಿತವರು ಮೀನು ಗುರುತಿಸುತ್ತಾರೆ, ಔಷಧಿಯ ಹೊತ್ತನ್ನಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು 2022ರ ಒಂದು ಅಧ್ಯಯನ. ಸ್ವಲ್ಪ ಮರೆವು ಆಗಲೇ ಶುರುವಾಗಿದ್ದ 107 ಜನರಲ್ಲಿ ಕೆಲವರಿಗೆ ಕಂಪ್ಯೂಟರ್ ಆಟ, ಕೆಲವರಿಗೆ ಪದಬಂಧ ಕೊಟ್ಟು 78 ವಾರ ನೋಡಿದರು. ಪದಬಂಧದವರೇ ಮೇಲಾದರು. ಅವರೂ ಕಂಪ್ಯೂಟರಿನಲ್ಲೇ ಬಿಡಿಸಿದ್ದು ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೈದುನ ಬಿಡುವುದಿಲ್ಲ. ಕನ್ನಡ ಪತ್ರಿಕೆಯ ಪದಬಂಧಕ್ಕೆ ಖರ್ಚೆಂದರೆ ಒಂದು ಪೆನ್ಸಿಲ್. ಜತೆಗೆ ಅದರಲ್ಲಿ ಸಿಕ್ಕಿಹಾಕಿಕೊಂಡರೆ "ಐದಕ್ಷರ, ಸಮುದ್ರ ಎಂಬರ್ಥ, ಏನು?" ಎಂದು ಮನೆಯವರನ್ನು ಕೂಗಲೇಬೇಕು. ಆ್ಯಪಿನಲ್ಲಿ ಸಿಕ್ಕಿಹಾಕಿಕೊಂಡರೆ ಯಾರನ್ನೂ ಕರೆಯುವುದಿಲ್ಲ. ಆಯ್ಕೆ ಮಾಡುವಾಗ ಈ ಒಂದು ಅಂಶವನ್ನೇ ನಾನು ಕೊನೆಯವರೆಗೂ ಹಿಡಿದುಕೊಂಡೆ: ಇದರಲ್ಲಿ ಇನ್ನೊಬ್ಬ ಮನುಷ್ಯ ಬೇಕಾಗುತ್ತಾನೆಯೇ? ಒಂದು ದಿನ ತಪ್ಪಿಸಿದರೆ ಯಾರಾದರೂ ಏಕೆ ಎಂದು ಕೇಳುತ್ತಾರೆಯೇ?

ಭಜನೆ, ಪಾರಾಯಣ, ಹೊಸ ಭಾಷೆ

ಚಾಳಿನಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅತ್ತೆ ಮದುವೆಯಾಗಿ ಬಂದದ್ದು ಪರೇಲಿನ ಒಂದು ಚಾಳಿಗೆ. ಉದ್ದನೆಯ ಗ್ಯಾಲರಿ, ಸಾಲು ಬಾಗಿಲು. ಬೆಳಗ್ಗೆ ಎಂಟರವರೆಗೆ ಬಾಗಿಲು ತೆರೆಯದಿದ್ದರೆ ಪಕ್ಕದವರು ತಟ್ಟುತ್ತಿದ್ದರು. ನೀರಿನ ಹೊತ್ತಿಗೆ ಮರಾಠಿ, ತರಕಾರಿಯವನ ಜತೆ ಹಿಂದಿ, ಮೇಲಿನ ಮಹಡಿಯವರೊಂದಿಗೆ ಗುಜರಾತಿ, ಶಾಲೆಯ ಪತ್ರ ಓದಲು ಕನ್ನಡ, ಜಗಳಕ್ಕೆ ತುಳು. ಈಗ ಚಾಳು ಕೆಡವಿ, ಮಕ್ಕಳೊಂದಿಗೆ ಭಾಂಡೂಪಿನ ಹತ್ತೊಂಬತ್ತನೆಯ ಮಹಡಿಗೆ ಬಂದಿದ್ದಾರೆ. ಬಾಗಿಲು ತೆರೆದರೆ ಲಿಫ್ಟ್, ಅದರೊಳಗೆ ಮೊಬೈಲ್ ನೋಡುವ ಜನ. ಅತ್ತೆಯ ಐದು ಭಾಷೆಗಳಲ್ಲಿ ನಾಲ್ಕಕ್ಕೆ ಕೆಲಸವಿಲ್ಲ.

ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಿಮೆನ್ಶಿಯಾ ಇದ್ದ 648 ಜನರನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲೂ ಹಾಗೆಯೇ. ಮುಂಬಯಿ ಕನ್ನಡಿಗರು ಕಾಲರ್ ಎತ್ತಿಕೊಳ್ಳುವ ಮೊದಲು ಕೇಳಿ: ಎರಡಕ್ಕಿಂತ ಹೆಚ್ಚು ಭಾಷೆಗಳಿಂದ ಹೆಚ್ಚಿನ ಲಾಭವೇನೂ ಅದರಲ್ಲಿ ಕಾಣಲಿಲ್ಲ. ಇಳಿವಯಸ್ಸಿನಲ್ಲಿ ಹೊಸ ಭಾಷೆ ಕಲಿತರೆ? ಫ್ರಾನ್ಸಿನಲ್ಲಿ ಹಿರಿಯರಿಗೆ ಹದಿನೆಂಟು ತಿಂಗಳು ಒಂದು ಗುಂಪಿಗೆ ಧ್ಯಾನ, ಇನ್ನೊಂದಕ್ಕೆ ಇಂಗ್ಲಿಷ್ ಕಲಿಸಿ ನೋಡಿದರು. ಮಿದುಳಿನಲ್ಲಿ ಅವರು ಅಳೆದ ಭಾಗಗಳ ಗಾತ್ರದಲ್ಲಿ ಎರಡರಿಂದಲೂ ವ್ಯತ್ಯಾಸ ಕಾಣಲಿಲ್ಲ. ಇಷ್ಟವಿದ್ದರೆ ಕಲಿಯಿರಿ. ಮಿದುಳಿಗಾಗಿ ಎಂದು ಹಲ್ಲು ಕಚ್ಚಿ ಕಲಿಯಬೇಕಾಗಿಲ್ಲ. ಇರುವ ಭಾಷೆಯನ್ನು ಆಡುವ ಜಾಗ ಹುಡುಕುವುದು ಮೇಲು.

ಆ ಜಾಗಕ್ಕೆ ನಮ್ಮಲ್ಲಿ ಬಡತನವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವರ ಭವನ, ಸಯನ್ನಿನ ಗೋಕುಲ, ಮಾಹಿಮ್‌ನ ಕರ್ನಾಟಕ ಸಂಘ. ಆದರೆ ದೊಡ್ಡ ಸಭಾಗೃಹದ ಕಾರ್ಯಕ್ರಮಕ್ಕೂ ಓಣಿಯ ಭಜನಾ ಮಂಡಳಿಗೂ ವ್ಯತ್ಯಾಸವಿದೆ. ಸಭಾಗೃಹದಲ್ಲಿ ಹಿರಿಯರು ಮೂರನೆಯ ಸಾಲಿನಲ್ಲಿ ಕುಳಿತು ಶಾಲು ಹೊದಿಸುವುದನ್ನು ನೋಡಿ, ಊಟ ಮಾಡಿ ಬರುತ್ತಾರೆ. ಒಳ್ಳೆಯದೇ, ಆದರೆ ಅವರು ಬಾರದಿದ್ದರೆ ಕುರ್ಚಿಗೆ ಇನ್ನೊಬ್ಬರು ಸಿಗುತ್ತಾರೆ. ಭಜನೆಯಲ್ಲಿ ತಾಳ ಅವರ ಕೈಯಲ್ಲಿರುತ್ತದೆ. ಪಲ್ಲವಿ ಹಿಡಿಯಬೇಕು, ಮುಂದಿನ ನುಡಿ ನೆನಪಿಸಿಕೊಳ್ಳಬೇಕು, ಪಕ್ಕದವರ ಶ್ರುತಿಗೆ ಕಿವಿ ಕೊಡಬೇಕು. ಶನಿ ಗ್ರಂಥ ಪಾರಾಯಣಕ್ಕೆ ಹೋಗುವ ಗಂಡಸರಿಗೆ ಇನ್ನೂ ಕಠಿಣ ಕಸರತ್ತು: ಒಬ್ಬರು ಓದಿದ ಪದ್ಯಕ್ಕೆ ನಿಂತ ನಿಲುವಿನಲ್ಲಿ ಅರ್ಥ ಹೇಳಬೇಕು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಬಂದ ಅಧ್ಯಯನದಲ್ಲಿ ಓದು, ಮಣೆಯಾಟ, ವಾದ್ಯ ನುಡಿಸುವುದು, ಕುಣಿತ ಇವುಗಳಿದ್ದವರಲ್ಲಿ ಡಿಮೆನ್ಶಿಯಾ ಕಡಿಮೆ ಕಂಡಿತ್ತು. ಚುರುಕಾಗಿದ್ದವರೇ ಕುಣಿಯಲು ಹೋದರೋ, ಕುಣಿದದ್ದರಿಂದ ಚುರುಕಾದರೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಆದರೂ ಚೌಕಾಬಾರ ಆಡುವ ಅಜ್ಜಿಯರನ್ನು ತಡೆಯಬೇಡಿ.

ಕನ್ನಡದ ಗುಂಪು ದೂರವಿದ್ದರೆ ಹತ್ತಿರದ ಮರಾಠಿ ಜ್ಯೇಷ್ಠ ನಾಗರಿಕ ಸಂಘವನ್ನು ಆರಿಸಿ. ಎರಡು ಗಾಡಿ ಬದಲಿಸಿ ತಿಂಗಳಿಗೊಮ್ಮೆ ಹೋಗುವ ನಮ್ಮವರ ಸಭೆಗಿಂತ, ಕಟ್ಟಡದ ಕೆಳಗಿನ ಬೆಂಚಿನಲ್ಲಿ ದಿನವೂ ಸಿಗುವ ಕಾಕಾ ಕಾಕುಗಳು ಮೇಲು. ಈ ಮಾತಿಗೆ ನನ್ನ ಅಕ್ಕ ಇನ್ನೂ ಒಪ್ಪಿಲ್ಲ.

ನಡಿಗೆ, ನಗೆ, ಯೋಗ

ಇದರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಿರುಸು ನಡಿಗೆಗೆ ಪುರಾವೆ ಗಟ್ಟಿ. 120 ಹಿರಿಯರಲ್ಲಿ ಅರ್ಧದಷ್ಟು ಜನ ವಾರಕ್ಕೆ ಮೂರು ದಿನ, ನಲವತ್ತು ನಿಮಿಷದವರೆಗೆ ಒಂದು ವರ್ಷ ನಡೆದಾಗ, ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪೊಕ್ಯಾಂಪಸ್ ಸುಮಾರು ಶೇ. 2 ಬೆಳೆದಿತ್ತು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ಇದು 2011ರ ಮಾತು. ಯೋಗ ಸಮತೋಲನಕ್ಕೆ, ನಿದ್ದೆಗೆ ಒಳ್ಳೆಯದು. ಮಂಡಿ ನೋಯುವವರು ಕುರ್ಚಿಯ ಮೇಲೂ ಮಾಡಬಹುದು. ನಗೆಕೂಟ ಹುಟ್ಟಿದ್ದೇ ಈ ಊರಿನಲ್ಲಿ, 1995ರಲ್ಲಿ ಅಂಧೇರಿಯ ಉದ್ಯಾನವೊಂದರಲ್ಲಿ; ಹುಸಿನಗೆಯಿಂದ ಮಿದುಳಿಗೆ ಎಷ್ಟು ಲಾಭವೋ, ಹೋಗದ ದಿನ ಫೋನ್ ಮಾಡುವ ಹತ್ತು ಜನರಂತೂ ಸಿಗುತ್ತಾರೆ. ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ, ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ನಡೆಯುವವರು ಅದೃಷ್ಟವಂತರು. ಉಳಿದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾದಚಾರಿ ಮಾರ್ಗವೇ ವೈರಿ. ಸೊಂಟದ ಮೂಳೆ ಮುರಿದುಕೊಂಡರೆ ಹಿಪೊಕ್ಯಾಂಪಸ್ ತೆಗೆದುಕೊಂಡು ಏನು ಮಾಡುವುದು? ಮಳೆಗಾಲದಲ್ಲಿ ಕಟ್ಟಡದ ಪಾರ್ಕಿಂಗ್ ಜಾಗವೇ ಸಾಕು.

ಬ್ರಾಹ್ಮಿ ಮತ್ತು ಇತರ ಡಬ್ಬಿಗಳು

ಬ್ರಾಹ್ಮಿ ಎಂದು ಕೇಳಿದರೆ ಅಂಗಡಿಯವನು ಯಾವುದನ್ನು ಕೊಡುತ್ತಾನೆ ಎಂದು ಮೊದಲು ನೋಡಿ. ನೀರುಬ್ರಾಹ್ಮಿ ಬೇರೆ ಗಿಡ. ನಮ್ಮ ಒಂದೆಲಗ, ತುಳುವಿನ ತಿಮರೆ ಬೇರೆ. ಎರಡಕ್ಕೂ ಅದೇ ಹೆಸರು ನಡೆಯುತ್ತದೆ. ಡಿಮೆನ್ಶಿಯಾ ತಡೆಯುತ್ತದೆ ಎಂದು ಯಾವುದಕ್ಕೂ ಗಟ್ಟಿ ಪುರಾವೆ ಇಲ್ಲ. ವಿದೇಶದಲ್ಲಿ ಹೀಗೆಯೇ ಮೆರೆದ ಗಿಂಕ್ಗೊ ಎಲೆಯ ಸಾರವನ್ನು ಮೂರು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು ನೋಡಿ, 2008ರಲ್ಲಿ ಡಿಮೆನ್ಶಿಯಾಕ್ಕೆ ಪ್ರಯೋಜನವಿಲ್ಲ ಎಂದು ಪ್ರಕಟಿಸಿದರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಹೇಳದೆ ಮುಟ್ಟಬಾರದು. ಮಾಟುಂಗಾ ಮಾರುಕಟ್ಟೆಯಲ್ಲಿ ತಿಮರೆ ಸಿಕ್ಕ ದಿನ ಕಾಯಿ, ಹುಣಸೆ, ಹಸಿಮೆಣಸು ಹಾಕಿ ಅರೆದು ಚಟ್ನಿ ಮಾಡಿ. ಅದು ಊಟ. ಡಬ್ಬಿಗೆ ತಿಂಗಳಿಗೆ ಸುರಿಯುವ ಹಣವನ್ನು ಕಿವಿಯ ಯಂತ್ರಕ್ಕೆ ಎತ್ತಿಡಿ.

ಇನ್ನು ನಿಮ್ಮ ಮನೆಯ ಲೆಕ್ಕ. ಮಾತು ಎರಡೆರಡು ಸಲ ಹೇಳಬೇಕಾಗುತ್ತಿದ್ದರೆ ಕಿವಿ ಮೊದಲು. ಹೊರಗೆ ಹೋಗಬಲ್ಲವರಾದರೆ ನಡಿಗೆ ಮತ್ತು ಒಂದು ಗುಂಪು. ಎರಡಕ್ಕೂ ಪುರುಸೊತ್ತಿಲ್ಲದಿದ್ದರೆ ಗುಂಪಿಗೇ ನಡೆದು ಹೋಗಲಿ. ಹೊರಗೆ ಹೋಗಲಾರದವರಿಗೆ ಪದಬಂಧ, ಫೋನಿನಲ್ಲಿ ದಿನಕ್ಕೊಬ್ಬ ಹಳೆಯ ನೆರೆಯವರು. ನೀವು ಇನ್ನೂ ಐವತ್ತರಲ್ಲಿದ್ದರೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟೆರಾಲ್ ಬಿಟ್ಟು ಬೇರೇನನ್ನೂ ಯೋಚಿಸಬೇಡಿ, ಈಗ ಕೂಡಿಟ್ಟದ್ದೇ ಆಗ ಸಿಗುವುದು. ಆ್ಯಪಿಗೆ ಹಣ ಕಟ್ಟಿಯಾಗಿದ್ದರೆ ಆಡಲಿ, ತಪ್ಪಿಲ್ಲ.

ಕಳೆದ ಮಂಗಳವಾರ ಮಧ್ಯಾಹ್ನದಿಂದಲೇ ಮಳೆ ಹಿಡಿದು ರಿಕ್ಷಾ ಸಿಗಲಿಲ್ಲ. ಅತ್ತೆ ಭಜನೆಗೆ ಹೋಗಲಿಲ್ಲ. ಆರೂವರೆಗೆ ಮಂಡಳಿಯ ಹೆಂಗಸೊಬ್ಬರ ಫೋನ್ ಬಂತು. ಕಿವಿಗಿಟ್ಟ ಕೂಡಲೇ ಯಂತ್ರ ಕುಯ್ ಎಂದು ಶಿಳ್ಳೆ ಹಾಕಿತು. ಅತ್ತೆ ಸಿಡಿಮಿಡಿಗೊಂಡು ಅದನ್ನು ಕಿತ್ತು ಸುಣ್ಣದ ಡಬ್ಬಿಯ ಪಕ್ಕ ಇಟ್ಟು, ಸ್ಪೀಕರ್ ಹಾಕಿಸಿಕೊಂಡು, ಮುಂದಿನ ವಾರ ಯಾರು ಯಾವ ಪದ ಹಾಡಬೇಕು ಎಂದು ಮುಕ್ಕಾಲು ಗಂಟೆ ವಾದಿಸಿದರು. ಹತ್ತೊಂಬತ್ತನೆಯ ಮಹಡಿಗೆಲ್ಲ ಕೇಳಿಸಿರಬೇಕು.